ನಾಲ್ಕೂ ಕಡೆ ಕಡಲಿದ್ದರೂ ಆಸ್ಟ್ರೇಲಿಯಾದ ನಡುನಾಡು ಒಣಗಿರುವುದು ಏಕೆ?

ಹಿರಿಯೂರಿನ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಖಂಡಗಳ ಪಾಠದ ನಡುವೆ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನು ತಿಳಿದವರ ಮುಂದಿಡುತ್ತಿದ್ದೇನೆ. ಸುತ್ತಲೂ ಸಮುದ್ರವೇ ಇರುವಾಗ ಆಸ್ಟ್ರೇಲಿಯಾದ ಒಳನಾಡಿಗೆ ಮಳೆ ಏಕೆ ತಲುಪುವುದಿಲ್ಲ ಎಂಬುದು ಅವಳ ಪ್ರಶ್ನೆ. ಪೂರ್ವದ ಗ್ರೇಟ್ ಡಿವೈಡಿಂಗ್ ಶ್ರೇಣಿ ಆಗ್ನೇಯದ ವಾಣಿಜ್ಯ ಮಾರುತಗಳನ್ನು ತಡೆಯುತ್ತದೆ, ಪಶ್ಚಿಮ ಕರಾವಳಿಯಲ್ಲಿ ಶೀತ ಪ್ರವಾಹವಿದೆ ಎಂಬ ಎರಡು ಕಾರಣಗಳನ್ನು ಹೇಳಿದೆ. ಮಳೆ ನೆರಳು ಎಂದರೇನೆಂದು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಹ್ಯಾದ್ರಿಯಲ್ಲಿ ಸುರಿಯುವ ಮಳೆ ನಮ್ಮೂರಿನವರೆಗೆ ಬರುವುದಿಲ್ಲವೆಂದು ಅವರು ಬಲ್ಲರು. ಆದರೆ ಅವಳು ಅಷ್ಟಕ್ಕೇ ಬಿಡದೆ, ಬೆಟ್ಟವೇ ಇಲ್ಲದ ಪಶ್ಚಿಮ ಮತ್ತು ದಕ್ಷಿಣ ದಿಕ್ಕುಗಳಿಂದ ಏಕೆ ಬರುವುದಿಲ್ಲ ಎಂದು ಮತ್ತೆ ಕೇಳಿದಳು.

ನನ್ನದೂ ಒಂದು ಪ್ರಶ್ನೆ ಇದೆ. ಆ ದೇಶದ ಸರಾಸರಿ ವಾರ್ಷಿಕ ಮಳೆ 465 ಮಿ.ಮೀ. ಆಸುಪಾಸು ಎಂದು ಓದಿದ್ದೇನೆ. ನಮ್ಮ ಪಕ್ಕದ ಚಳ್ಳಕೆರೆಗೂ ಹೆಚ್ಚುಕಡಿಮೆ ಅಷ್ಟೇ ಮಳೆ. ಅಷ್ಟರಲ್ಲೇ ನಮ್ಮ ರೈತರು ಶೇಂಗಾ ಬೆಳೆದುಕೊಂಡು ಬಂದಿದ್ದಾರೆ. ಹೀಗಿರುವಾಗ ಜನವಸತಿಯಿರುವ ಖಂಡಗಳಲ್ಲೆಲ್ಲ ಅತ್ಯಂತ ಒಣಖಂಡ ಅದೇ ಎನ್ನುವುದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಬೆಂಗಳೂರಿನ ಹವಾಮಾನ ಸಂಶೋಧಕ:

ಮೇಡಂ, ನಿಮ್ಮ ವಿದ್ಯಾರ್ಥಿನಿ ಸರಿಯಾದ ಜಾಗಕ್ಕೇ ಕೈಹಾಕಿದ್ದಾಳೆ. ಬೆಟ್ಟವಿಲ್ಲದ ದಿಕ್ಕಿನಿಂದಲೂ ಮಳೆ ಬರುತ್ತಿಲ್ಲವೆಂದಾದರೆ ಮುಖ್ಯ ಕಾರಣವನ್ನು ನೆಲದ ಮೇಲಲ್ಲ, ವಾಯುಮಂಡಲದಲ್ಲಿ ಹುಡುಕಬೇಕು.

ಸಮಭಾಜಕ ವೃತ್ತದ ಬಳಿ ಕಾದು ಮೇಲೇರಿದ ಗಾಳಿ ತನ್ನಲ್ಲಿದ್ದ ತೇವವನ್ನು ಅಲ್ಲೇ ಮಳೆಯಾಗಿ ಸುರಿಸಿ, ಎತ್ತರದಲ್ಲಿ ಧ್ರುವಗಳ ಕಡೆಗೆ ಸಾಗಿ, ಎರಡೂ ಗೋಳಾರ್ಧಗಳಲ್ಲಿ ಸುಮಾರು 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಬಿಸಿಯಾದಂತೆ ಅದರ ಸಾಪೇಕ್ಷ ಆರ್ದ್ರತೆ ಕುಸಿಯುತ್ತದೆ; ಹಾಗಾಗಿ ಕೆಳಗಡೆ ಕಡಲಿನ ತೇವ ಎಷ್ಟೇ ಇದ್ದರೂ ಅದು ಮೇಲೇರಿ ಮೋಡ ಕಟ್ಟಲು ಆಗುವುದಿಲ್ಲ. ಇದೇ ಉಪೋಷ್ಣವಲಯದ ಅಧಿಕ ಒತ್ತಡ ಪಟ್ಟಿ. ಸಹಾರಾ, ಕಲಹಾರಿ, ಅಟಕಾಮಾ ಮರುಭೂಮಿಗಳಲ್ಲೂ ಇದರದೇ ಕೈವಾಡವಿದೆ. ಆಸ್ಟ್ರೇಲಿಯಾ 10ರಿಂದ 43 ಡಿಗ್ರಿ ದಕ್ಷಿಣ ಅಕ್ಷಾಂಶಗಳ ನಡುವೆ ಹಬ್ಬಿದ್ದು, ಪೂರ್ವಪಶ್ಚಿಮವಾಗಿ ಸುಮಾರು 4,000 ಕಿ.ಮೀ. ಚಾಚಿರುವ ಅದರ ಅತಿ ಅಗಲದ ಭಾಗ ಈ ಪಟ್ಟಿಯ ಸುಪರ್ದಿಗೇ ಬರುತ್ತದೆ.

ಈ ಪಟ್ಟಿ ಸೂರ್ಯನ ಚಲನೆಯನ್ನು ಅನುಸರಿಸಿ ಸರಿದಾಡುತ್ತದೆ. ಅಲ್ಲಿನ ಬೇಸಿಗೆಯಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ, ಅದು ದಕ್ಷಿಣಕ್ಕೆ ಸರಿದಾಗ ಉತ್ತರದ ಡಾರ್ವಿನ್ ಕಡೆಗೆ ಮಾನ್ಸೂನ್ ಬಂದು ವರ್ಷದ 1,700 ಮಿ.ಮೀ.ಯಷ್ಟು ಮಳೆಯ ಬಹುಪಾಲು ಕೆಲವೇ ತಿಂಗಳಲ್ಲಿ ಸುರಿದುಬಿಡುತ್ತದೆ. ಚಳಿಗಾಲದಲ್ಲಿ ಪಟ್ಟಿ ಉತ್ತರಕ್ಕೆ ಸರಿದಾಗ ದಕ್ಷಿಣ ಸಾಗರದ ಶೀತ ಮಾರುತಗಳು ಪರ್ತ್, ಅಡಿಲೇಡ್, ಮೆಲ್ಬರ್ನ್ ಕಡೆಗೆ ಮಳೆ ತರುತ್ತವೆ. ನಡುವೆ ಇರುವ ಆಲಿಸ್ ಸ್ಪ್ರಿಂಗ್ಸ್‌ನಂತಹ ಊರಿಗೆ ಬೇಸಿಗೆಯ ಮಳೆಯ ಕೊನೆಯೂ ಚಳಿಗಾಲದ ಮಳೆಯ ಕೊನೆಯೂ ಒಮ್ಮೆ ತಾಗುತ್ತವೆ, ಒಮ್ಮೆ ತಾಗುವುದಿಲ್ಲ. ಬೆಟ್ಟದ ವಾದಕ್ಕೆ ಇರುವ ಮಿತಿಯನ್ನು ತೋರಿಸಲು ಪಶ್ಚಿಮ ಕರಾವಳಿಯ ಕಾರ್ನಾರ್ವನ್ ಸಾಕು. ಹಿಂದೂ ಮಹಾಸಾಗರದ ದಡದಲ್ಲೇ ಕುಳಿತಿರುವ ಆ ಊರಿಗೆ ವರ್ಷಕ್ಕೆ ಸುಮಾರು 230 ಮಿ.ಮೀ. ಮಳೆ ಮಾತ್ರ.

ಪರ್ತ್ ನಿವಾಸಿ:

ಶೀತ ಪ್ರವಾಹದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ದಕ್ಷಿಣ ಅಮೆರಿಕ ಮತ್ತು ಆಫ್ರಿಕಾಗಳ ಪಶ್ಚಿಮ ಕರಾವಳಿಯನ್ನು ಒತ್ತಿಕೊಂಡು ಹರಿಯುವ ಹಂಬೋಲ್ಟ್, ಬೆಂಗ್ವೆಲಾ ಪ್ರವಾಹಗಳಂತೆಯೇ ಇಲ್ಲಿಯೂ ಇದೆ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಶೀತ ಪ್ರವಾಹ ಇಲ್ಲಿ ದಡದಿಂದ ದೂರದಲ್ಲಿದೆ. ದಡದ ಉದ್ದಕ್ಕೂ ಉತ್ತರದಿಂದ ದಕ್ಷಿಣಕ್ಕೆ ಹರಿಯುವುದು ಲ್ಯೂವಿನ್ ಎಂಬ ಬೆಚ್ಚಗಿನ ಪ್ರವಾಹ. ಪೆಸಿಫಿಕ್‌ನಿಂದ ಇಂಡೋನೇಷ್ಯಾದ ದ್ವೀಪಗಳ ಸಂದಿಗಳಲ್ಲಿ ನುಸುಳಿ ಬರುವ ನೀರೇ ಅದಕ್ಕೆ ಮೂಲ. ಪರ್ತ್‌ನಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ದೂರದ ಸಮುದ್ರದಲ್ಲಿ ಹವಳದ ದಿಬ್ಬಗಳು ಬೆಳೆದಿರುವುದೇ ಇದಕ್ಕೆ ಸಾಕ್ಷಿ. ಬೆಚ್ಚಗಿನ ಪ್ರವಾಹವಿದ್ದೂ ದಡ ಒಣಗಿದೆ ಎನ್ನುವುದು ಮೇಲಿನವರು ಹೇಳಿದ ಇಳಿಗಾಳಿಯ ಬಲವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ.

ಇಲ್ಲಿನ ನೈರುತ್ಯ ಮೂಲೆಯ ಚಳಿಗಾಲದ ಮಳೆ 1970ರ ದಶಕದಿಂದೀಚೆಗೆ ಗಣನೀಯವಾಗಿ ಇಳಿದಿದೆ. ಮಳೆ ಐದರಲ್ಲೊಂದು ಪಾಲಿನ ಆಸುಪಾಸು ಕಡಿಮೆಯಾದರೆ ಅಣೆಕಟ್ಟುಗಳಿಗೆ ಬರುವ ನೀರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಪ್ರಮಾಣದಲ್ಲಿ ಕುಸಿಯಿತು, ಏಕೆಂದರೆ ಒಣಗಿದ ಮಣ್ಣು ತನ್ನ ಪಾಲನ್ನು ಮೊದಲು ಕುಡಿದು ಆಮೇಲೆ ಹೊಳೆಗೆ ಬಿಡುತ್ತದೆ. 2006ರಲ್ಲಿ ಕ್ವಿನಾನಾದಲ್ಲಿ, ಬಳಿಕ ಬಿನ್ನಿಂಗಪ್‌ನಲ್ಲಿ ಕಡಲ ನೀರಿನ ಉಪ್ಪು ತೆಗೆಯುವ ಘಟಕಗಳು ಬಂದವು. ಇವತ್ತು ನಮ್ಮ ನಲ್ಲಿಯ ನೀರಿನ ದೊಡ್ಡ ಪಾಲು ಸಮುದ್ರದ್ದೇ.

ಧಾರವಾಡದ ನಿವೃತ್ತ ಭೂಗೋಳ ಅಧ್ಯಾಪಕ:

ಬೆಟ್ಟದ ಪಾತ್ರವನ್ನು ಪೂರ್ತಿ ತಳ್ಳಿಹಾಕಬಾರದೆಂದು ನನ್ನ ಅಭಿಪ್ರಾಯ. ಈಶಾನ್ಯ ಕ್ವೀನ್ಸ್‌ಲ್ಯಾಂಡಿನ ಬೆಲೆಂಡನ್ ಕೆರ್ ಬೆಟ್ಟದ ನೆತ್ತಿಯಲ್ಲಿ ವರ್ಷಕ್ಕೆ ಸುಮಾರು 8,000 ಮಿ.ಮೀ. ಮಳೆಯಾಗುತ್ತದೆ, ನಮ್ಮ ಆಗುಂಬೆಯ ಸಾಲಿನಲ್ಲಿ ನಿಲ್ಲುವ ಜಾಗ ಅದು. ಅಲ್ಲಿಂದ ಪಶ್ಚಿಮಕ್ಕೆ ಹೋದಂತೆ ಮಳೆ ಧುತ್ತೆಂದು ಇಳಿಯುವುದಕ್ಕೆ ಶ್ರೇಣಿಯೇ ಕಾರಣ. ಆದರೆ ಈ ಪ್ರಭಾವ ಕೆಲವು ನೂರು ಕಿಲೋಮೀಟರ್‌ಗಳಿಗೆ ಸೀಮಿತ ಎಂಬುದನ್ನು ಒಪ್ಪುತ್ತೇನೆ.

ನನ್ನ ದೃಷ್ಟಿಯಲ್ಲಿ ಬೆಟ್ಟ ಇರುವುದಕ್ಕಿಂತ ಇಲ್ಲದಿರುವುದೇ ಅಲ್ಲಿನ ದೊಡ್ಡ ಸಂಗತಿ. ಖಂಡದ ಸರಾಸರಿ ಎತ್ತರ ಸುಮಾರು 330 ಮೀಟರ್ ಮಾತ್ರ, ಅತಿ ಎತ್ತರದ ಕೊಸಿಯುಸ್ಕೊ ಶಿಖರ 2,228 ಮೀಟರ್. ಖಂಡಗಳಲ್ಲೆಲ್ಲ ಅತಿ ತಗ್ಗು, ಅತಿ ಸಮತಟ್ಟು ಇದೇ. ಹಿಮಾಲಯದಂತೆ ಗಾಳಿಯನ್ನು ಎತ್ತಿ ಹಿಂಡುವ ಗೋಡೆಯಿಲ್ಲ, ಬೇಸಿಗೆಯಲ್ಲಿ ಕರಗಿ ನದಿಗಳನ್ನು ಪೊರೆಯುವ ಹಿಮನದಿಯೂ ಇಲ್ಲ. ಒಂದು ಕಾಲಕ್ಕೆ ಗೊಂಡ್ವಾನದಲ್ಲಿ ನಮ್ಮ ದಖ್ಖನ್‌ನ ನೆರೆಯಲ್ಲಿದ್ದ ನೆಲ ಅದು. ಪಶ್ಚಿಮದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಜಿರ್ಕಾನ್ ಹರಳುಗಳಲ್ಲಿ ಕೆಲವು 440 ಕೋಟಿ ವರ್ಷ ಹಳೆಯವು. ಅಷ್ಟು ಹಳೆಯ ನೆಲ ಮಳೆಗಾಳಿಗೆ ಸವೆದು ಸವೆದು ಚಪ್ಪಟೆಯಾಗಿದೆ. ಹೊಸ ಜ್ವಾಲಾಮುಖಿಗಳಾಗಲಿ ಹಿಮನದಿಗಳಾಗಲಿ ಹೊಸ ಮಣ್ಣನ್ನು ತಂದು ಹಾಕಿದ್ದು ಬಹಳ ಕಡಿಮೆ ಕಡೆ. ಆದ್ದರಿಂದಲೇ ಅಲ್ಲಿನ ಮಣ್ಣಿನಲ್ಲಿ ರಂಜಕದ ಕೊರತೆ ತೀವ್ರವಾಗಿದೆ.

ಅಡಿಲೇಡ್‌ನ ಮಣ್ಣು ವಿಜ್ಞಾನಿ:

ಚಳ್ಳಕೆರೆಯ ಹೋಲಿಕೆಗೆ ಬರುತ್ತೇನೆ, ಏಕೆಂದರೆ ನನ್ನ ಕೆಲಸವೆಲ್ಲ ಅದರ ಸುತ್ತಲೇ ಇದೆ. ಸರಾಸರಿಯೆಂಬ ಅಂಕಿಯನ್ನು ಈ ದೇಶದಲ್ಲಿ ನಂಬಿ ನಡೆದವರು ನೆಲಕಚ್ಚಿದ್ದಾರೆ. 465 ಎನ್ನುವುದು ಬೆಲೆಂಡನ್ ಕೆರ್‌ನ 8,000ವನ್ನೂ ಒಳನಾಡಿನ ಏರ್ ಎಂಬ ಉಪ್ಪಿನ ಸರೋವರದ ಬಳಿಯ 150ರ ಆಸುಪಾಸಿನ ಮಳೆಯನ್ನೂ ಕೂಡಿಸಿ ಭಾಗಿಸಿದ ಸಂಖ್ಯೆ. ಖಂಡದ ಸುಮಾರು ಮೂರರಲ್ಲೊಂದು ಭಾಗಕ್ಕೆ 250 ಮಿ.ಮೀ.ಗಿಂತಲೂ ಕಡಿಮೆ ಬೀಳುತ್ತದೆ. ಅದಕ್ಕಿಂತ ಮುಖ್ಯವಾದುದು ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತ. 1974ರಲ್ಲಿ ದೇಶದ ಸರಾಸರಿ ಸುಮಾರು 760 ಮಿ.ಮೀ. ಇತ್ತು, 2019ರಲ್ಲಿ ಸುಮಾರು 277 ಮಾತ್ರ. ಚಳ್ಳಕೆರೆಯಲ್ಲಿಯೂ ಮಳೆ ಕೈಕೊಡುತ್ತದೆ ನಿಜ, ಆದರೆ ಅಲ್ಲಿ ಮುಂಗಾರು ಹಿಂಗಾರುಗಳೆಂಬ ಕಾಲಗಳಿವೆ, ಬಿತ್ತನೆಗೆ ಕಾಯುವ ನಕ್ಷತ್ರಗಳಿವೆ. ಇಲ್ಲಿನ ಒಳನಾಡಿನಲ್ಲಿ ಮಳೆಗೆ ಅಂತಹ ಕಾಲವೇ ಇಲ್ಲ. ಬಂದ ಮಳೆಯೂ ನಿಲ್ಲುವುದಿಲ್ಲ: ತೆರೆದ ತೊಟ್ಟಿಯಲ್ಲಿಟ್ಟ ನೀರು ಒಳನಾಡಿನ ಬಿಸಿಲಿಗೆ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಆವಿಯಾಗಬಲ್ಲದು.

ನಮ್ಮ ರಾಜ್ಯದ ಗಾಯ್ಡರ್ ಗೆರೆಯ ಕಥೆಯನ್ನು ನಿಮ್ಮ ಮಕ್ಕಳಿಗೆ ದಯವಿಟ್ಟು ಹೇಳಿ. 1865ರಲ್ಲಿ, ಭೀಕರ ಬರಗಾಲದ ಬೆನ್ನಿಗೆ, ದಕ್ಷಿಣ ಆಸ್ಟ್ರೇಲಿಯಾದ ಸರ್ವೇಯರ್ ಜನರಲ್ ಜಾರ್ಜ್ ಗಾಯ್ಡರ್ ಕುದುರೆಯ ಮೇಲೆ ಒಳನಾಡನ್ನು ಸುತ್ತಿ, ಬರ ಎಲ್ಲಿಯವರೆಗೆ ತಟ್ಟಿದೆಯೆಂದು ಗಿಡಗಳನ್ನು ನೋಡಿ ಗುರುತಿಸಿ ಒಂದು ಗೆರೆ ಎಳೆದರು. ಗೆರೆಯ ದಕ್ಷಿಣಕ್ಕೆ ಗೋಧಿ ಬಿತ್ತಬಹುದು, ಉತ್ತರಕ್ಕೆ ಕುರಿ ಮೇಯಿಸಬಹುದೇ ಹೊರತು ಉಳಬಾರದು ಎಂಬುದು ಅದರ ತಾತ್ಪರ್ಯ. ಇಂದಿನ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ 300 ಮಿ.ಮೀ. ಮಳೆಯ ಗೆರೆ. 1870ರ ದಶಕದಲ್ಲಿ ಸಾಲುಸಾಲಾಗಿ ಒಳ್ಳೆಯ ಮಳೆಗಳಾದವು. ನೇಗಿಲು ಹೋದಲ್ಲಿಗೆ ಮಳೆಯೂ ಹಿಂಬಾಲಿಸಿ ಬರುತ್ತದೆಂದು ಜನ ನಂಬಿದರು, ಸರ್ಕಾರವೂ 1874ರಲ್ಲಿ ನಿರ್ಬಂಧ ಸಡಿಲಿಸಿ ಗೆರೆಯಾಚೆ ಜಮೀನು ಕೊಟ್ಟಿತು. 1880ರ ದಶಕದ ಆರಂಭದಲ್ಲಿ ಬರ ಮರಳಿತು, ಕುಟುಂಬಗಳು ಬಿತ್ತಿದ ಹೊಲಗಳನ್ನು ಬಿಟ್ಟು ದಕ್ಷಿಣಕ್ಕೆ ಹಿಂದಿರುಗಿದವು.

ಆ ಊರುಗಳಲ್ಲಿ ಒಂದು ಫರೀನಾ. ಲ್ಯಾಟಿನ್‌ನಲ್ಲಿ ಹಿಟ್ಟು ಎಂಬರ್ಥದ ಹೆಸರನ್ನು ಗೋಧಿಯ ಆಸೆಯಲ್ಲಿ ಇಟ್ಟಿದ್ದರು. ಅಲ್ಲಿ ಈಗ ಸೂರಿಲ್ಲದ ಕಲ್ಲಿನ ಗೋಡೆಗಳು ನಿಂತಿವೆ, ಬಾಗಿಲಿದ್ದ ಜಾಗದಿಂದ ಹಿಂದಿನ ಕಿಟಕಿಯ ಮೂಲಕ ಆಚೆಯ ಬಯಲು ಕಾಣುತ್ತದೆ, ಅಂಗಳದಲ್ಲಿ ಮೊಣಕಾಲೆತ್ತರದ ಬೂದುನೀಲಿ ಬಣ್ಣದ ಸಾಲ್ಟ್‌ಬುಷ್ ಪೊದೆಗಳಿವೆ. ಬರ್ರಾ ಊರಿನಿಂದ ಉತ್ತರಕ್ಕೆ ಹೋಗುವಾಗ ಗೆರೆಯನ್ನು ತೋರಿಸುವ ಫಲಕ ರಸ್ತೆ ಬದಿಯಲ್ಲಿದೆ, ಆದರೆ ಫಲಕವಿಲ್ಲದೆಯೂ ಅದು ಗೊತ್ತಾಗುತ್ತದೆ: ಬುಡದಿಂದಲೇ ನಾಲ್ಕಾರು ಕಾಂಡಗಳಾಗಿ ಒಡೆಯುವ ಕುಳ್ಳ ಮ್ಯಾಲಿ ಮರಗಳು ವಿರಳವಾಗುತ್ತ ಬಂದು, ಆ ಬೂದು ಪೊದೆಗಳೇ ದಿಗಂತದವರೆಗೆ ಹಬ್ಬುತ್ತವೆ. ಗಾಯ್ಡರ್ ಓದಿದ್ದು ಇದನ್ನೇ. ಮಳೆಮಾಪನದ ದಾಖಲೆ ಇನ್ನೂ ಹತ್ತಾರು ವರ್ಷದ್ದೂ ಇಲ್ಲದ ಕಾಲದಲ್ಲಿ, ಶತಮಾನಗಳ ಏರಿಳಿತವನ್ನು ತಾಳಿಕೊಂಡ ಗಿಡಗಳೇ ನಂಬತಕ್ಕ ದಾಖಲೆಯೆಂದು ಅರಿತ ಆ ಅಧಿಕಾರಿಯ ಬಗ್ಗೆ ನನಗೆ ಅಪಾರ ಗೌರವವಿದೆ.

ಕೋಲಾರದ ರೈತ:

ಮ್ಯಾಲಿ ಮರ ನೀಲಗಿರಿಯ ಜಾತಿಯೇ ಎಂದು ಕೇಳಿದ್ದೇನೆ. ನಮ್ಮ ಜಿಲ್ಲೆಯಲ್ಲಿ ನೀಲಗಿರಿ ತೋಪುಗಳೇ ಅಂತರ್ಜಲವನ್ನು ಹೀರಿ ಬತ್ತಿಸಿದವೆಂಬ ದೂರು ಹಳೆಯದು. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಆ ಮರದ ತವರಿನಲ್ಲಿ ಅದು ಅಂತರ್ಜಲವನ್ನು ಏನು ಮಾಡುತ್ತದೆ? ಇನ್ನೊಂದು, ಆ ಒಣನಾಡಿನಲ್ಲಿ ದನಕುರಿಗಳಿಗೆ ನೀರು ಎಲ್ಲಿಂದ ಬರುತ್ತದೆ? ಇಲ್ಲಿ ಸಾವಿರ ಅಡಿ ದಾಟಿ ಕೊರೆದರೂ ಕೊಳವೆ ಬಾವಿ ಫೇಲ್ ಆಗುತ್ತದೆ.

ಬ್ರಿಸ್ಬೇನ್‌ನ ಅಂತರ್ಜಲ ತಜ್ಞೆ:

ಅಣ್ಣಾ, ಎರಡೂ ಒಳ್ಳೆಯ ಪ್ರಶ್ನೆಗಳು. ನೀಲಗಿರಿಯ ಗುಣ ಎರಡೂ ಕಡೆ ಒಂದೇ, ಪರಿಣಾಮ ಮಾತ್ರ ಬೇರೆ. ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಸೀಮೆಯಲ್ಲಿ ಸಾವಿರಾರು ವರ್ಷ ಕಾಲ ಸಮುದ್ರದ ಗಾಳಿ ಮತ್ತು ಮಳೆಯೊಂದಿಗೆ ಬಂದ ಉಪ್ಪು ನೆಲದಾಳದಲ್ಲಿ ಶೇಖರವಾಗಿದೆ. ಆಳಕ್ಕೆ ಬೇರು ಬಿಡುವ ಮರಗಳು ಬಿದ್ದ ಮಳೆಯನ್ನೆಲ್ಲ ಬಳಸಿಕೊಳ್ಳುತ್ತಿದ್ದುದರಿಂದ ಆ ಉಪ್ಪು ಅಲ್ಲೇ ಉಳಿದಿತ್ತು. ಅವುಗಳನ್ನು ಕಡಿದು ಮೇಲ್ಪದರದಲ್ಲಷ್ಟೇ ಬೇರು ಬಿಡುವ ಗೋಧಿ ಬಿತ್ತಿದ ಮೇಲೆ ಹೆಚ್ಚುವರಿ ನೀರು ಕೆಳಗಿಳಿದು, ಅಂತರ್ಜಲ ಮಟ್ಟ ಏರಿ, ಉಪ್ಪನ್ನು ಕರಗಿಸಿ ಮೇಲಕ್ಕೆ ತಂದಿತು. ಹತ್ತು ಲಕ್ಷ ಹೆಕ್ಟೇರ್‌ಗೂ ಹೆಚ್ಚು ನೆಲ ಹೀಗೆ ಸವಳಾಗಿದೆ. ತುಂಗಭದ್ರಾ ಅಚ್ಚುಕಟ್ಟಿನ ಸವಳು ಜವಳನ್ನು ಕಂಡವರಿಗೆ ಆ ಬಿಳಿಯ ಹೊಪ್ಪಳೆ ಪರಿಚಿತವೇ. ಅಲ್ಲಿ ಕಾಲುವೆಯ ನೀರಿನಿಂದ ಆದದ್ದು ಇಲ್ಲಿ ಮರ ಕಡಿದದ್ದರಿಂದ ಆಯಿತು.

ಕೊಳವೆ ಬಾವಿಯ ವಿಷಯ. ಕೋಲಾರದ ನೆಲ ಗಟ್ಟಿ ಕಲ್ಲಿನದು. ಬಂಡೆಯ ಬಿರುಕುಗಳಲ್ಲಿ ಇದ್ದಷ್ಟೇ ನೀರು, ಬಿರುಕು ಸಿಗದಿದ್ದರೆ ಏನೂ ಇಲ್ಲ. ಇಲ್ಲಿ ಪೂರ್ವಾರ್ಧದ ಒಳನಾಡಿನ ಕೆಳಗೆ ಗ್ರೇಟ್ ಆರ್ಟೀಷಿಯನ್ ಬೇಸಿನ್ ಎಂಬ ಮರಳುಗಲ್ಲಿನ ಜಲಪದರವಿದೆ. ವಿಸ್ತೀರ್ಣ ಸುಮಾರು 17 ಲಕ್ಷ ಚದರ ಕಿ.ಮೀ., ಭಾರತದ ಅರ್ಧಕ್ಕಿಂತ ಹೆಚ್ಚು. ಪೂರ್ವದ ಶ್ರೇಣಿಯ ಇಳಿಜಾರಿನಲ್ಲಿ ಇಂಗಿದ ಮಳೆ ನೀರು, ತನ್ನೊಳಗೆ ನೀರು ಬಿಡದ ಜೇಡಿಪದರದ ಕೆಳಗೆ ಸಿಕ್ಕಿಕೊಂಡು ಪಶ್ಚಿಮಕ್ಕೆ ಬಹು ನಿಧಾನವಾಗಿ ಸರಿಯುತ್ತದೆ. ದೂರದ ಅಂಚಿಗೆ ತಲುಪಿದ ನೀರಿನ ವಯಸ್ಸು ಹತ್ತು ಲಕ್ಷ ವರ್ಷಕ್ಕೂ ಮೀರಿದೆ. ಒತ್ತಡದಲ್ಲಿರುವುದರಿಂದ ಕೊರೆದ ಕಡೆ ಪಂಪಿಲ್ಲದೆ ತಾನೇ ಚಿಮ್ಮುತ್ತದೆ. ಬರ್ಡ್ಸ್‌ವಿಲ್‌ನ ಬಾವಿಯಲ್ಲಿ ಅದು ಕುದಿಯುವುದಕ್ಕೆ ಸ್ವಲ್ಪವೇ ಕಡಿಮೆ ಬಿಸಿಯಲ್ಲಿ ಬರುತ್ತದೆ. ತಣಿಸಿದ ಮೇಲೆಯೇ ಬಳಕೆ.

ಬರ್ಕ್ ಬಳಿ 1878ರಲ್ಲಿ ಮೊದಲ ಬಾವಿ ಚಿಮ್ಮಿದಾಗ ಇದು ಬತ್ತದ ನಿಧಿಯೆಂದು ತಿಳಿದು ಸಾವಿರಾರು ಬಾವಿಗಳನ್ನು ಕೊರೆದು, ತೆರೆದ ಮಣ್ಣಿನ ಕಾಲುವೆಗಳಲ್ಲಿ ಹಗಲಿರುಳು ಹರಿಯಬಿಟ್ಟರು. ಕಾಲುವೆಗೆ ಬಿಟ್ಟ ನೀರಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಆವಿಯಾಗಿ, ಇಂಗಿ ಹೋಗುತ್ತಿತ್ತು. ಒತ್ತಡ ಇಳಿದು ಎಷ್ಟೋ ಬಾವಿಗಳು ಚಿಮ್ಮುವುದನ್ನೇ ನಿಲ್ಲಿಸಿದವು. 1999ರ ನಂತರ ಸರ್ಕಾರಗಳೂ ಜಮೀನುದಾರರೂ ಹಣ ಹಂಚಿಕೊಂಡು ಬಾವಿಗಳ ಬಾಯಿ ಮುಚ್ಚಿ, ಕೊಳವೆ ಮತ್ತು ತೊಟ್ಟಿಗಳ ವ್ಯವಸ್ಥೆ ಮಾಡಿದ್ದರಿಂದ ಕೆಲವೆಡೆ ಒತ್ತಡ ಮತ್ತೆ ಏರಿದೆ. ಬತ್ತಿದ್ದ ಬಾವಿ ಮರಳಿ ಚಿಮ್ಮುವುದನ್ನು ಕಾಣುವುದು ನನ್ನ ವೃತ್ತಿಯ ದೊಡ್ಡ ಸಂತೋಷ. ಇದೇ ನೀರು ಬೇಸಿನ್‌ನ ಅಂಚಿನಲ್ಲಿ ತಾನಾಗಿ ಬುಗ್ಗೆಗಳಾಗಿ ಹೊರಬರುತ್ತದೆ. ಮೂಲನಿವಾಸಿಗಳ ವ್ಯಾಪಾರದ ದಾರಿಗಳು ಆ ಬುಗ್ಗೆಯಿಂದ ಈ ಬುಗ್ಗೆಗೆ ಸಾಗುತ್ತಿದ್ದವು. 1872ರ ತಂತಿ ಮಾರ್ಗವೂ ಹಳೆಯ ರೈಲುಮಾರ್ಗವೂ ಅದೇ ಜಾಡು ಹಿಡಿದವು.

ರಾಯಚೂರಿನ ಇಂಜಿನಿಯರ್:

ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ ಅಷ್ಟು ಮಳೆ ಇರುವಾಗ ಆ ನದಿಗಳನ್ನು ಒಳನಾಡಿಗೆ ತಿರುಗಿಸಿ ಏರ್ ಸರೋವರವನ್ನು ತುಂಬಿಸಿದರೆ, ಅಲ್ಲಿಂದ ಆವಿಯಾದ ನೀರು ಮತ್ತೆ ಮಳೆಯಾಗಲಾರದೇ?

ಅಡಿಲೇಡ್‌ನ ಮಣ್ಣು ವಿಜ್ಞಾನಿ:

ಸರ್, ಸಿಡ್ನಿ ಹಾರ್ಬರ್ ಸೇತುವೆಯ ಇಂಜಿನಿಯರ್ ಜಾನ್ ಬ್ರಾಡ್‌ಫೀಲ್ಡ್ 1938ರಲ್ಲಿ ಇದೇ ಯೋಜನೆ ಮುಂದಿಟ್ಟಿದ್ದರು. ಅವರು ಅಂದಾಜಿಸಿದ್ದಷ್ಟು ನೀರು ಆ ನದಿಗಳಲ್ಲಿ ಇಲ್ಲವೆಂದು ಬಳಿಕ ತಿಳಿಯಿತು. ಇರುವ ನೀರನ್ನು ಶ್ರೇಣಿ ದಾಟಿಸುವ ವೆಚ್ಚವೂ ದೊಡ್ಡದು. ಆವಿಯಾದ ನೀರು ಮಳೆಯಾಗುತ್ತದೆಂಬ ನಿರೀಕ್ಷೆಗೆ ಮೊದಲ ಉತ್ತರದಲ್ಲೇ ವಿವರಣೆ ಇದೆ. ತೇವವಿದ್ದರೆ ಸಾಲದು, ಅದನ್ನು ಮೇಲೆತ್ತುವ ಗಾಳಿ ಬೇಕು. ತೇವಭರಿತ ಕಡಲನ್ನು ಮುಂದಿಟ್ಟುಕೊಂಡೂ ಕಾರ್ನಾರ್ವನ್ ಒಣಗಿದೆಯಲ್ಲ.

ಸರೋವರ ತಾನಾಗಿ ತುಂಬಿದ ವರ್ಷಗಳೂ ಇವೆ. ಮೂಲನಿವಾಸಿಗಳಾದ ಅರಬಾನ ಜನ ಕಾಟಿ ತಂಡಾ ಎಂದು ಕರೆಯುವ ಈ ಸರೋವರದ ತಳ ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿದೆ. ಖಂಡದ ಆರನೇ ಒಂದು ಭಾಗದ ಜಲಾನಯನ ಕಡಲಿನ ಕಡೆಗಲ್ಲ, ಇತ್ತ ಇಳಿಯುತ್ತದೆ. ಸಾಮಾನ್ಯವಾಗಿ ಅದು ಗಟ್ಟಿಯಾದ ಉಪ್ಪಿನ ಬಯಲು. ಡೊನಾಲ್ಡ್ ಕ್ಯಾಂಬೆಲ್ ಕಾರಿನ ವೇಗದಾಖಲೆಗೆ ಅದನ್ನು ಆಯ್ದುಕೊಂಡದ್ದು ಆ ಗಟ್ಟಿತನಕ್ಕಾಗಿಯೇ. 1963ರಲ್ಲಿ ಅಲ್ಲಿ ಮಳೆ ಬಂದು ಪ್ರಯತ್ನ ನಿಂತಿತು, 1964ರ ಜುಲೈನಲ್ಲಿ ಗಂಟೆಗೆ 648 ಕಿ.ಮೀ. ವೇಗದ ದಾಖಲೆಯಾಯಿತು. 1974ರಲ್ಲಿ ಅದೇ ಬಯಲು ಆಳವಾದ ಜಲರಾಶಿಯಾಗಿತ್ತು. ಪಶ್ಚಿಮ ಕ್ವೀನ್ಸ್‌ಲ್ಯಾಂಡಿನಲ್ಲಿ ಸುರಿದ ಮಳೆ ಡಯಮಂಟೀನಾ, ಕೂಪರ್ ಹಳ್ಳಗಳ ಸಾವಿರಾರು ಸಣ್ಣ ಕವಲುಗಳಲ್ಲಿ ಹತ್ತಾರು ಕಿಲೋಮೀಟರ್ ಅಗಲಕ್ಕೆ ಹರಡಿ, ಇಳಿಜಾರೇ ಇಲ್ಲದ ನೆಲದ ಮೇಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತೆವಳಿ ಅಲ್ಲಿಗೆ ಬರುತ್ತದೆ. ಬಂದಾಗ ಪೆಲಿಕನ್‌ಗಳು ದೂರದ ಕರಾವಳಿಯಿಂದ ಹಾರಿ ಬಂದು ಮರಿ ಮಾಡುತ್ತವೆ. 2010–11ರ ಬಲವಾದ ಲಾ ನೀನಾ (ಪೆಸಿಫಿಕ್‌ನ ಪೂರ್ವಭಾಗ ವಾಡಿಕೆಗಿಂತ ತಣ್ಣಗಾಗಿ ಆಸ್ಟ್ರೇಲಿಯಾಕ್ಕೆ ಹೆಚ್ಚು ಮಳೆ ತರುವ ಹಂತ) ಕಾಲದಲ್ಲಿ ಜಗತ್ತಿನ ಸಮುದ್ರಮಟ್ಟ ಐದಾರು ಮಿ.ಮೀ. ತಾತ್ಕಾಲಿಕವಾಗಿ ಇಳಿಯಿತು, ಕಡಲಿಗೆ ಹೊರದಾರಿಯಿಲ್ಲದ ಈ ಒಳನಾಡಿನಲ್ಲಿ ಸಿಕ್ಕಿಕೊಂಡ ಮಳೆ ನೀರು ಅದಕ್ಕೆ ಒಂದು ಮುಖ್ಯ ಕಾರಣವೆಂದು ವಿಜ್ಞಾನಿಗಳು ಕಂಡುಕೊಂಡರು.

ಬೆಂಗಳೂರಿನ ಹವಾಮಾನ ಸಂಶೋಧಕ:

ಈ ಏರಿಳಿತಕ್ಕೂ ನಮ್ಮ ಮುಂಗಾರಿಗೂ ನೇರವಾದ ನಂಟಿದೆ. ಪೆಸಿಫಿಕ್‌ನ ಎಲ್ ನಿನೊ, ಅಂದರೆ ಆ ಸಾಗರದ ಪೂರ್ವಭಾಗ ವಾಡಿಕೆಗಿಂತ ಬೆಚ್ಚಗಾಗುವ ಹಂತ, ಬಲವಾದಾಗ ಎರಡೂ ಕಡೆ ಮಳೆ ಕಡಿಮೆಯಾಗುವ ಸಂಭವ ಹೆಚ್ಚು. ಹಿಂದೂ ಮಹಾಸಾಗರದ ದ್ವಿಧ್ರುವ ಮಾತ್ರ ಇಬ್ಬರನ್ನೂ ಬೇರೆಬೇರೆ ದಿಕ್ಕಿಗೆ ಎಳೆಯಬಲ್ಲದು. ಅದರ ಧನ ಹಂತದಲ್ಲಿ ಆಫ್ರಿಕಾ ಕಡೆಯ ಸಾಗರ ಬೆಚ್ಚಗಾಗಿ ಸುಮಾತ್ರಾ ಕಡೆಯದು ತಣ್ಣಗಾಗುತ್ತದೆ. ಆಗ ವಾಯವ್ಯದಿಂದ ಆಸ್ಟ್ರೇಲಿಯಾಕ್ಕೆ ಹೋಗುವ ತೇವ ಕಡಿಮೆಯಾಗುತ್ತದೆ. 1999ರಲ್ಲಿ ಇದನ್ನು ನೇಚರ್ ಪತ್ರಿಕೆಯಲ್ಲಿ ನಿರೂಪಿಸಿದ ತಂಡದಲ್ಲಿದ್ದ ಬಿ. ಎನ್. ಗೋಸ್ವಾಮಿ ಅವರು ಆಗ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. 2019ರಲ್ಲಿ ಈ ಹಂತ ಅತ್ಯಂತ ಬಲವಾಗಿತ್ತು. ಭಾರತದ ಮುಂಗಾರು ದೀರ್ಘಾವಧಿ ಸರಾಸರಿಯ ಶೇ. 110ಕ್ಕೆ ಮುಟ್ಟಿತು, ಆಸ್ಟ್ರೇಲಿಯಾದಲ್ಲಿ ದಾಖಲೆಯ ಬರವೂ ಬಿಸಿಯೂ ಸೇರಿ, ಆ ಬೇಸಿಗೆಯ ಕಾಳ್ಗಿಚ್ಚು 33 ಜನರನ್ನು ನೇರವಾಗಿ ಬಲಿತೆಗೆದುಕೊಂಡಿತು. ಮೇಲಿನವರು ಕೊಟ್ಟ 277ರ ಹಿಂದೆ ಈ ಸಾಗರವೂ ಇದೆ.

ಹಿರಿಯೂರಿನ ಶಿಕ್ಷಕಿ:

ಎಲ್ಲರಿಗೂ ಧನ್ಯವಾದಗಳು. ಪರೀಕ್ಷೆಯಲ್ಲಿ ಶೀತ ಪ್ರವಾಹವನ್ನು ಬರೆದ ಮಗುವಿಗೆ ಅಂಕ ಕೊಡಬೇಕಾಗುತ್ತದೆ, ಪುಸ್ತಕದಲ್ಲಿ ಇರುವುದರಿಂದ. ತರಗತಿಯಲ್ಲಿ ಮಾತ್ರ ಇಳಿಗಾಳಿಯನ್ನೇ ಮೊದಲು ಹೇಳುತ್ತೇನೆ. ಏರಿಳಿತವನ್ನು ಮಕ್ಕಳ ಕೈಯಲ್ಲೇ ಲೆಕ್ಕ ಹಾಕಿಸಲು ಯಾವ ಅಂಕಿಗಳು ಒಳ್ಳೆಯವು?

ಅಡಿಲೇಡ್‌ನ ಮಣ್ಣು ವಿಜ್ಞಾನಿ:

ಮೇಡಂ, ಆಲಿಸ್ ಸ್ಪ್ರಿಂಗ್ಸ್‌ನ ವಾರ್ಷಿಕ ಮಳೆಯನ್ನು ತೆಗೆದುಕೊಳ್ಳಿ. ಇಲ್ಲಿನ ಹವಾಮಾನ ಇಲಾಖೆಯ ಜಾಲತಾಣದಲ್ಲಿ ಅದು ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಸರಾಸರಿ ಸುಮಾರು 280 ಮಿ.ಮೀ. ಮೂವತ್ತು ವರ್ಷಗಳ ಅಂಕಿಗಳನ್ನು ಹಾಳೆಯ ಮೇಲೆ ಕಂಬಗಳಾಗಿ ಬಿಡಿಸಲು ಹೇಳಿ, ಸರಾಸರಿಯ ಗೆರೆ ಎಳೆಸಿ, ಆ ಗೆರೆಯ ಹತ್ತಿರಕ್ಕೆ ಬಂದ ವರ್ಷಗಳು ಎಷ್ಟೆಂದು ಎಣಿಸಲು ಹೇಳಿ. ಪಕ್ಕದಲ್ಲೇ ಚಳ್ಳಕೆರೆ ಮಳೆಮಾಪನ ಕೇಂದ್ರದ ಅದೇ ವರ್ಷಗಳ ಅಂಕಿಗಳನ್ನೂ ಬಿಡಿಸಲಿ. ಎರಡನ್ನೂ ಇಲ್ಲಿ ಹಾಕಿದರೆ ನನ್ನ ಸಹೋದ್ಯೋಗಿಗಳಿಗೂ ತೋರಿಸುತ್ತೇನೆ.